ಸಂಬಳ ಇಲ್ಲದೆ ಸಿಂಫನಿ ಕೋರಸ್‌ನಲ್ಲಿ ಹಾಡುವುದು ಗೌರವವಾ, ಬಿಟ್ಟಿ ಚಾಕರಿಯಾ?

ವಿರಾಜಪೇಟೆ ಮಾವ
ಎಲ್ಲರಿಗೂ ನಮಸ್ಕಾರ. ಒಂದು ಮನೆಜಗಳ ಇಲ್ಲಿ ತಂದು ಹಾಕುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ನನ್ನ ತಂಗಿ ಮಗಳು ಅಮೆರಿಕದಲ್ಲಿದ್ದಾಳೆ, ಸಾಫ್ಟ್‌ವೇರ್ ಕೆಲಸ. ಇಲ್ಲಿ ಓದುವಾಗ ಶಾಲೆಯ ಕಾಯರ್‌ನಲ್ಲಿ ಹಾಡುತ್ತಿದ್ದಳು. ಈಗ ಅಲ್ಲಿನ ದೊಡ್ಡ ಸಿಂಫನಿ ಆರ್ಕೆಸ್ಟ್ರಾ ಒಂದರ ಕೋರಸ್‌ಗೆ, ಅಂದರೆ ವಾದ್ಯದವರ ಹಿಂದೆ ನಿಂತು ಹಾಡುವ ಗುಂಪಿಗೆ, ಆಯ್ಕೆ ಆಗಿದ್ದಾಳೆ. ನೂರೈವತ್ತು ಜನರ ಗುಂಪಂತೆ. ಆಡಿಷನ್‌ನಲ್ಲಿ ಯಾವತ್ತೂ ನೋಡಿರದ ಸ್ವರದ ಹಾಳೆ ಕೈಗೆ ಕೊಟ್ಟು, ಇಲ್ಲೇ ಓದಿ ಹಾಡು ಅಂದರಂತೆ. ಹಾಡಿ ಗೆದ್ದಿದ್ದಾಳೆ.

ನಮಗೆಲ್ಲ ಖುಷಿ. ಆಮೇಲೆ ನಮ್ಮ ಭಾವ ಫೋನಿನಲ್ಲಿ ಸಂಬಳ ಎಷ್ಟು ಅಂತ ಕೇಳಿದರು. ಇಲ್ಲ ಅಂದಳು. ಮುಂದೆ ಕೂತು ಪಿಟೀಲು ನುಡಿಸುವವರಿಗೆ? ಅವರಿಗೆ ಸಂಬಳ, ರಜೆ, ಪಿಂಚಣಿ ಎಲ್ಲ ಇದೆ. ಟಿಕೆಟ್ ಮಾರುತ್ತಾರಾ? ಮಾರುತ್ತಾರೆ. ಅಲ್ಲಿಗೆ ಭಾವನ ಮುಖ ಕೆಂಪಾಯಿತು. "ಓದಿಸಿದ್ದು ಬಿಟ್ಟಿ ಚಾಕರಿ ಮಾಡೋದಕ್ಕಾ" ಅಂತ ಶುರು. ತಂಗಿ ಮಗಳ ಕಡೆ. ನಾನು ನಡುವೆ ಸಿಕ್ಕಿಕೊಂಡಿದ್ದೇನೆ. ಇದು ಅಲ್ಲಿ ಸಾಮಾನ್ಯವಾ, ಅಥವಾ ಹುಡುಗಿಗೆ ಮೋಸ ಆಗುತ್ತಿದೆಯಾ? ತಿಳಿದವರು ಹೇಳಿ.

ಗೋಣಿಕೊಪ್ಪ ಗಾಳಿ
ದಸರಾಕ್ಕೆ ಬರುವ ಆರ್ಕೆಸ್ಟ್ರಾದವರಿಗೂ ದುಡ್ಡು ಕೊಡುತ್ತಾರಪ್ಪ. ಭಾವ ಹೇಳಿದ್ದೇ ಸರಿ.

ಮಡಿಕೇರಿ ಟೀಚರ್
ಮಾವ, ಮೊದಲು ಮಗುವಿಗೆ ಅಭಿನಂದನೆ ಹೇಳಿ. ನಾನು ಪಿಯಾನೊ ಮತ್ತು ಹಾಡು ಕಲಿಸುವವಳು, ಹಾಗಾಗಿ ಆ ಆಡಿಷನ್ ಎಷ್ಟು ಕಷ್ಟ ಅಂತ ಗೊತ್ತು. ಧ್ವನಿ ಎಷ್ಟು ಮೇಲೆ ಹೋಗುತ್ತದೆ, ಎಷ್ಟು ಕೆಳಗೆ ಇಳಿಯುತ್ತದೆ ನೋಡುತ್ತಾರೆ. ಪಿಯಾನೊದಲ್ಲಿ ನಾಲ್ಕು ಸ್ವರ ನುಡಿಸಿ, ಅದನ್ನೇ ವಾಪಸ್ ಹಾಡಿಸುತ್ತಾರೆ. ಒಂದು ಸಲ ಒಳಗೆ ಬಂದರೆ ಮುಗಿಯಿತು ಅಂತಲೂ ಇಲ್ಲ. ಎಷ್ಟೋ ಕಡೆ ಒಂದೆರಡು ವರ್ಷಕ್ಕೊಮ್ಮೆ ಮತ್ತೆ ಪರೀಕ್ಷೆ ಇರುತ್ತದೆ. ಇಪ್ಪತ್ತು ವರ್ಷ ಹಾಡಿದವರನ್ನೂ "ಧ್ವನಿ ಸಾಲದು" ಅಂತ ಕಳಿಸುತ್ತಾರೆ.

ಸಂಬಳದ ಬಗ್ಗೆ ಒಂದೇ ಪದ್ಧತಿ ಇಲ್ಲ. ಅಟ್ಲಾಂಟಾ ಸಿಂಫನಿಯ ಕೋರಸ್ ನೋಡಿ. ಆ ಆರ್ಕೆಸ್ಟ್ರಾದ ಸಂಗೀತ ನಿರ್ದೇಶಕ ರಾಬರ್ಟ್ ಶಾ 1970ರಲ್ಲಿ ಕಟ್ಟಿದ್ದು. ಸುಮಾರು 200 ಜನ, ಎಲ್ಲರೂ ಸ್ವಯಂಸೇವಕರು. 2003ರಲ್ಲಿ ಬರ್ಲಿನ್ ಫಿಲ್ಹಾರ್ಮೋನಿಕ್ ಇವರನ್ನೇ ಕರೆಸಿಕೊಂಡು ಸಂಗೀತಗಾರ ಬೆಂಜಮಿನ್ ಬ್ರಿಟನ್‌ರ 'ವಾರ್ ರಿಕ್ವಿಯಂ' ಹಾಡಿಸಿತು. ರಿಕ್ವಿಯಂ ಅಂದರೆ ಸತ್ತವರಿಗಾಗಿ ಹಾಡುವ ಪ್ರಾರ್ಥನೆ. ಬರ್ಲಿನ್ನಿನಲ್ಲಿ ಹಾಡುವವರಿಗೆ ಬರಗಾಲವಾ? ಆದರೂ ಸಾಗರದಾಚೆಯಿಂದ ಹವ್ಯಾಸಿಗಳನ್ನು ಕರೆದರು. ಶಿಕಾಗೊದಲ್ಲಿ ಬೇರೆ ಲೆಕ್ಕ. ಅಲ್ಲಿ ಸಂಬಳದವರು, ಸಂಬಳ ಇಲ್ಲದವರು ಒಟ್ಟಿಗೆ ನಿಂತು ಹಾಡುತ್ತಾರೆ. ಲಂಡನ್ ಸಿಂಫನಿ ಕೋರಸ್ 1966ರಿಂದ ಹವ್ಯಾಸಿಗಳದ್ದೇ. ಹಾಗಾಗಿ ನಿಮ್ಮ ಹುಡುಗಿಗೆ ಯಾರೋ ಟೋಪಿ ಹಾಕಿದ್ದಾರೆ ಅಂತ ಭಾವ ಅಂದುಕೊಳ್ಳುವುದು ಬೇಡ.

ಸೋಮವಾರಪೇಟೆ ಕೆಂಪಣ್ಣ
ಟೀಚರ್, ಪದ್ಧತಿ ಇದೆ ಅಂದ ಮಾತ್ರಕ್ಕೆ ನ್ಯಾಯ ಆಗುತ್ತದಾ? ನಾನು ತೋಟದ ಕಾರ್ಮಿಕರ ಸಂಘದಲ್ಲಿ ಓಡಾಡಿದವನು. "ಇಲ್ಲಿ ಹೀಗೇ ನಡೆದುಕೊಂಡು ಬಂದಿದೆ" ಅನ್ನುವ ಮಾತು ಕೇಳಿ ಕೇಳಿ ಕಿವಿ ತೂತಾಗಿದೆ.

ಸ್ಯಾನ್ ಫ್ರಾನ್ಸಿಸ್ಕೊ ಸಿಂಫನಿಯಲ್ಲಿ 2024ರ ಸೆಪ್ಟೆಂಬರ್‌ನಲ್ಲಿ ಏನಾಯಿತು ಗೊತ್ತಾ? ಅಲ್ಲಿನ ಕೋರಸ್‌ನಲ್ಲಿ ಸುಮಾರು 30 ಜನಕ್ಕೆ ಮಾತ್ರ ಸಂಬಳ. ಉಳಿದ ನೂರಕ್ಕೂ ಜಾಸ್ತಿ ಜನ ಸ್ವಯಂಸೇವಕರು. ಆಡಳಿತದವರು ಖರ್ಚು ಕಡಿಮೆ ಮಾಡುತ್ತೇವೆ ಅಂತ ಕೋರಸ್‌ನ ಹಣಕ್ಕೆ ದೊಡ್ಡ ಕತ್ತರಿ ಹಾಕಲು ಹೊರಟರು. ಸಂಬಳದವರ ಯೂನಿಯನ್ ಮುಷ್ಕರ ಹೂಡಿತು. ವೆರ್ಡಿಯ ರಿಕ್ವಿಯಂ ಇತ್ತು, ಕಛೇರಿಗಳು ರದ್ದಾದವು. ಕೋರಸ್ ಇಲ್ಲದೆ ಆ ಕೃತಿಯಲ್ಲಿ ಉಳಿಯುವುದೇನು? ಅಂದರೆ ಬೆಲೆ ಇದೆ. ಬೆಲೆ ಇರುವ ಕೆಲಸಕ್ಕೆ ಕೂಲಿ ಇಲ್ಲ ಅಂದರೆ ಅದಕ್ಕೆ ನಮ್ಮ ಕಡೆ ಬೇರೆ ಹೆಸರಿದೆ.

ಇನ್ನೊಂದು ಮಾತು. ನೂರು ಜನ ಬಿಟ್ಟಿ ಹಾಡುವವರು ಸಿಗುವವರೆಗೆ ಆ ಮೂವತ್ತು ಜನರ ಸಂಬಳವೂ ಗಟ್ಟಿಯಲ್ಲ. ನಿಮ್ಮ ಹುಡುಗಿ ಪ್ರೀತಿಯಿಂದಲೇ ಹಾಡುತ್ತಾಳೆ, ಸರಿ. ಅವಳ ಪ್ರೀತಿ ಇನ್ನೊಬ್ಬರ ಅನ್ನಕ್ಕೆ ಕುತ್ತು ಆಗಬಾರದು ಅಷ್ಟೆ.

ಗೋಣಿಕೊಪ್ಪ ಗಾಳಿ
ಕೆಂಪಣ್ಣ ಬಂದರು, ಇನ್ನು ಈ ಚರ್ಚೆ ಮಳೆಗಾಲ ಮುಗಿಯುವವರೆಗೆ ನಡೆಯುತ್ತದೆ.

ನಿವೃತ್ತ ಬ್ಯಾಂಡ್ ಹವಿಲ್ದಾರ್
ನಾನು ಸೇನೆಯ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸಿದವನು. ಸ್ಟಾಫ್ ನೊಟೇಶನ್, ಅಂದರೆ ಐದು ಗೆರೆಯ ಸ್ವರಲಿಪಿ, ಕಲಿತದ್ದು ಮಧ್ಯಪ್ರದೇಶದ ಪಚ್ಮಡಿಯ ಸೇನಾ ಸಂಗೀತ ಶಾಲೆಯಲ್ಲಿ. ಆ ಶಾಲೆ ಶುರುವಾದದ್ದು 1950ರಲ್ಲಿ, ನಮ್ಮ ಕಾರ್ಯಪ್ಪನವರು ಸೇನೆಯ ಮುಖ್ಯಸ್ಥರಾಗಿದ್ದಾಗ. ಕೊಡಗಿನವರಿಗೆ ಇದು ನೆನಪಿರಲಿ ಅಂತ ಹೇಳಿದೆ.

ನನ್ನ ಪ್ರಶ್ನೆ ಬೇರೆ. ಸಂಬಳ ಕೊಡದೆ ಶಿಸ್ತು ಹೇಗೆ ಬರುತ್ತದೆ? ನಮ್ಮಲ್ಲಿ ಪ್ರಾಕ್ಟೀಸಿಗೆ ಎರಡು ನಿಮಿಷ ತಡವಾದರೆ ಬ್ಯಾಂಡ್ ಮಾಸ್ಟರ್ ಮೈದಾನ ಸುತ್ತಿಸುತ್ತಿದ್ದರು. ಅಲ್ಲಿ ಡಾಕ್ಟರು, ವಕೀಲರು, ಇಂಜಿನಿಯರು ಎಲ್ಲ ಸಂಜೆ ಕೆಲಸ ಮುಗಿಸಿ ಬರುವವರು. ಒಬ್ಬ ಬರದಿದ್ದರೆ ಏನು ಮಾಡುತ್ತಾರೆ?

ಕಾಫಿಹೂ
ಹವಿಲ್ದಾರ್ ಸಾರ್, ನಾನು ಹೇಳುತ್ತೇನೆ. ನಮ್ಮ ಮನೆ ಸುಂಟಿಕೊಪ್ಪ ಹತ್ತಿರ. ಈಗ ಇಂಗ್ಲೆಂಡಿನ ಉತ್ತರದಲ್ಲಿ ನರ್ಸ್. ಇಲ್ಲಿನ ಆರ್ಕೆಸ್ಟ್ರಾ ಜೊತೆ ಹಾಡುವ ಕೋರಸ್‌ನಲ್ಲಿ ಆಲ್ಟೊ (ಹೆಂಗಸರ ಕೆಳಗಿನ ಧ್ವನಿ) ಸಾಲಿನಲ್ಲಿ ಇದ್ದೇನೆ. ಮೈದಾನ ಸುತ್ತಿಸುವುದಿಲ್ಲ. ಆದರೆ ಇಷ್ಟು ರಿಹರ್ಸಲ್ ತಪ್ಪಿದರೆ ಆ ಕಛೇರಿಗೆ ನೀನಿಲ್ಲ ಅಂತ ನಿಯಮ ಇದೆ, ಯಾರ ಮುಖವನ್ನೂ ನೋಡುವುದಿಲ್ಲ. ನೈಟ್ ಡ್ಯೂಟಿ ಬದಲಾಯಿಸಿಕೊಳ್ಳಲು ವಾರ್ಡಿನಲ್ಲಿ ಎಲ್ಲರ ಕೈಕಾಲು ಹಿಡಿದಿದ್ದೇನೆ.

ಮಾವ, ನಿಮ್ಮ ಭಾವನಿಗೆ ಇನ್ನೊಂದು ಹೇಳಬೇಡಿ, ಎದೆ ಒಡೆದುಕೊಂಡಾರು. ಬ್ರಿಟನ್ನಿನ ಎಷ್ಟೋ ಕೋರಸ್‌ಗಳಲ್ಲಿ ಹಾಡುವವರೇ ವರ್ಷಕ್ಕೆ ಚಂದಾ ಕಟ್ಟುತ್ತಾರೆ. ನಾನೂ ಕಟ್ಟುತ್ತೇನೆ. ಕಪ್ಪು ಬಟ್ಟೆ ನಮ್ಮದೇ, ಬಸ್ಸಿನ ಚಾರ್ಜೂ ನಮ್ಮದೇ.

ವಿರಾಜಪೇಟೆ ಮಾವ
ಅಯ್ಯೋ ಮಗಳೇ, ಈಗಷ್ಟೇ ಭಾವನಿಗೆ ಓದಿ ಹೇಳಿದೆ. ಅವರು ಎದ್ದು ತೋಟಕ್ಕೆ ಹೋದರು.

ಕಾಫಿಹೂ
ಹಹ್ಹ. ಅವರು ಬಂದ ಮೇಲೆ ಇದನ್ನೂ ಓದಿ ಹೇಳಿ. ನಾವು ಯಾಕೆ ಕಟ್ಟುತ್ತೇವೆ ಅಂತ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಇವತ್ತು ನೋಡಿದರೆ ಆರ್ಕೆಸ್ಟ್ರಾ ದೊಡ್ಡದು, ಕೋರಸ್ ಅದರ ಬಾಲ ಅನ್ನಿಸುತ್ತದೆ. ಮೊದಲು ಹಾಗಿರಲಿಲ್ಲ. ಬರ್ಲಿನ್ನಿನ ಸಿಂಗ್ ಅಕಾಡೆಮಿ 1791ರದ್ದು. ಹವ್ಯಾಸಿಗಳು ಸೇರಿ ಹಾಡಲು ಕಟ್ಟಿಕೊಂಡ ಸಂಘ. 1829ರಲ್ಲಿ 20 ವರ್ಷದ ಸಂಗೀತಗಾರ ಮೆಂಡೆಲ್ಸನ್, ಹಳೆಯ ಕಾಲದ ಬಾಖ್‌ನ ಮರೆತುಹೋಗಿದ್ದ 'ಸೇಂಟ್ ಮ್ಯಾಥ್ಯೂ ಪ್ಯಾಶನ್' ಕೃತಿಯನ್ನು ಮತ್ತೆ ಬೆಳಕಿಗೆ ತಂದದ್ದು ಇವರನ್ನು ಹಾಡಿಸಿಯೇ. ಆ ಹೊತ್ತಿಗೆ ಇವತ್ತು ನಾವು ಕಾಣುವಂಥ ತಿಂಗಳ ಸಂಬಳದ ಸಿಂಫನಿ ಆರ್ಕೆಸ್ಟ್ರಾಗಳು ಅಪರೂಪ. ಇಲ್ಲಿ ನಮ್ಮ ಕಡೆ ಹಡರ್ಸ್‌ಫೀಲ್ಡ್ ಅಂತ ಮಗ್ಗದ ಊರು. ಅಲ್ಲಿನ ಕೋರಲ್ ಸೊಸೈಟಿ 1836ರಲ್ಲಿ ಹುಟ್ಟಿತು, ಇವತ್ತೂ ಹಾಡುತ್ತಿದೆ. ಉಣ್ಣೆ ಗಿರಣಿಗಳಲ್ಲಿ ದುಡಿಯುವ ಜನಕ್ಕೂ ಇಂಥ ಸಂಘಗಳಲ್ಲಿ ಜಾಗ ಇತ್ತು. ಅವರಿಗೆ ಸ್ವರಲಿಪಿ ಓದಲು ಬರುತ್ತಿರಲಿಲ್ಲ. ಜಾನ್ ಕರ್ವೆನ್ ಅನ್ನುವವರು ಡೊ ರೆ ಮಿ ಅಕ್ಷರಗಳಲ್ಲೇ ಹಾಡು ಬರೆಯುವ ಟಾನಿಕ್ ಸೋಲ್‌ಫಾ ಪದ್ಧತಿಯನ್ನು ಹಬ್ಬಿಸಿದರು. ನಮ್ಮ ಚರ್ಚುಗಳಲ್ಲಿ ಹಳಬರು ಈಗಲೂ ಅದರಲ್ಲೇ ಹಾಡುತ್ತಾರಲ್ಲ, ಅದೇ. ಅದರ ಜೊತೆಗೆ ಅಗ್ಗದ ಪುಸ್ತಕಗಳು ಅಚ್ಚಾದವು. ಗಿರಣಿ ಕೆಲಸದವಳು ಹ್ಯಾಂಡಲ್‌ನ ಮೆಸ್ಸಾಯ ಹಾಡುವ ಹಾಗಾಯಿತು.

ಈ ಸಂಘಗಳು ಕಛೇರಿ ಇಟ್ಟಾಗ ವಾದ್ಯದವರನ್ನು ದುಡ್ಡು ಕೊಟ್ಟು ಕರೆಸುತ್ತಿದ್ದವು. ಹಾಡುವವರು ಮನೆಯವರು, ನುಡಿಸುವವರು ಕೂಲಿಗೆ ಬಂದವರು. ನಮ್ಮ ಮದುವೆಯಲ್ಲಿ ವಾಲಗದವರಿಗೆ ದುಡ್ಡು ಕೊಡುತ್ತೇವೆ, ಬಡಿಸಲು ನಿಂತ ನೆಂಟರಿಗೆ ಕೊಡುತ್ತೇವಾ? ಕೊಟ್ಟರೆ ಅವರು ಮತ್ತೆ ನಮ್ಮ ಮನೆ ಮೆಟ್ಟಿಲು ಹತ್ತುತ್ತಾರಾ? ಚಂದಾ ಕಟ್ಟುವಾಗ ನನಗೆ ಅನ್ನಿಸುವುದು ಅದು. ನಾನು ಮನೆಯವಳು.

ಸೋಮವಾರಪೇಟೆ ಕೆಂಪಣ್ಣ
ತಂಗೀ, ಚೆನ್ನಾಗಿ ಹೇಳಿದೆ. ಆದರೆ ಮದುವೆಗೆ ಟಿಕೆಟ್ ಇಡುವುದಿಲ್ಲವಲ್ಲ? ನೆಂಟರು ಬಡಿಸಿದ ಊಟಕ್ಕೆ ಬಾಗಿಲಲ್ಲಿ ದುಡ್ಡು ವಸೂಲಿ ಮಾಡಿದರೆ ಅದು ಹೋಟೆಲ್. ಹೋಟೆಲ್ ಆದ ಮೇಲೆ ಸಪ್ಲೈಯರಿಗೆ ಸಂಬಳ ಕೊಡಬೇಕು.

ಹಡರ್ಸ್‌ಫೀಲ್ಡ್‌ನಲ್ಲಿ ಸಂಘ ಅವರದ್ದು, ತೀರ್ಮಾನ ಅವರದ್ದು, ಲಾಭ ನಷ್ಟ ಅವರದ್ದು. ಅಲ್ಲಿ ನನ್ನ ತಕರಾರಿಲ್ಲ. ಈಗಿನ ಸಿಂಫನಿ ಕೋರಸ್‌ನಲ್ಲಿ ಏನು ಹಾಡಬೇಕು, ಯಾವಾಗ, ಯಾರ ಕೈಕೆಳಗೆ ಅನ್ನುವುದನ್ನೆಲ್ಲ ಆರ್ಕೆಸ್ಟ್ರಾದ ಆಫೀಸು ನಿರ್ಧರಿಸುತ್ತದೆ. ಮನೆ ಯಜಮಾನಿಕೆ ಕೈಬಿಟ್ಟು ಹೋಗಿದೆ, ಬಿಟ್ಟಿ ಬಡಿಸುವುದು ಮಾತ್ರ ಉಳಿದಿದೆ.

ಕಾಫಿಹೂ
ಎಲ್ಲ ಕಡೆ ಹಾಗಿಲ್ಲ ಕೆಂಪಣ್ಣ. ಲಂಡನ್ ಸಿಂಫನಿ ಕೋರಸ್ ಆರ್ಕೆಸ್ಟ್ರಾದ ಇಲಾಖೆ ಅಲ್ಲ. ಸದಸ್ಯರೇ ನಡೆಸುವ ಬೇರೆ ಸಂಸ್ಥೆ. ಆದರೆ ಅಮೆರಿಕದಲ್ಲಿ ಜಾಸ್ತಿ ಕಡೆ ನೀವು ಹೇಳಿದ ಹಾಗೇ, ಕೋರಸ್ ಆರ್ಕೆಸ್ಟ್ರಾದ ಒಳಗೇ ಇರುತ್ತದೆ. ಇದು ಮಾವ ಕೇಳಿ ತಿಳಿದುಕೊಳ್ಳಬೇಕಾದ ವಿಷಯ.

ಕುಶಾಲನಗರ ಫಿಸಿಕ್ಸ್ ಮೇಷ್ಟ್ರು
ಸಂಬಳದ ಜಗಳ ನೀವು ಮಾಡಿ. ನನಗೆ ಒಂದು ಕುತೂಹಲ, ನೂರೈವತ್ತು ಜನ ಯಾಕೆ ಬೇಕು? ಒಬ್ಬ ಒಪೆರಾ ಗಾಯಕಿ ಮೈಕ್ ಇಲ್ಲದೆ ಇಡೀ ಆರ್ಕೆಸ್ಟ್ರಾ ಮೇಲೆ ಕೇಳಿಸುತ್ತಾಳೆ. ಹಾಗಿದ್ದರೆ ಇಷ್ಟು ಜನ ದಂಡ ಅಲ್ವಾ ಅಂತ ಲೆಕ್ಕ ಹಾಕಿ ನೋಡಿದೆ.

ಹಾಡುವವರ ಸಂಖ್ಯೆ ಎರಡು ಪಟ್ಟು ಮಾಡಿದರೆ ಸದ್ದು ಏರುವುದು 3 ಡೆಸಿಬೆಲ್ (ಸದ್ದಿನ ಅಳತೆ) ಮಾತ್ರ. ಕಿವಿಗೆ "ಎರಡು ಪಟ್ಟು ಜೋರು" ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಬೇಕು. ಅಂದರೆ ಹತ್ತು ಪಟ್ಟು ಜನ! 75 ಜನರ ಜಾಗದಲ್ಲಿ 150 ಜನ ನಿಂತರೆ ಜೋರು ಅಷ್ಟೇನೂ ಹೆಚ್ಚುವುದಿಲ್ಲ.

ಒಪೆರಾದವರ ಗುಟ್ಟು ಬೇರೆ. ಆರ್ಕೆಸ್ಟ್ರಾದ ಶಬ್ದಶಕ್ತಿ ಜಾಸ್ತಿ ಇರುವುದು 500 ಹರ್ಟ್ಸ್ (ಸೆಕೆಂಡಿಗೆ 500 ಕಂಪನ) ಆಸುಪಾಸಿನಲ್ಲಿ. ಪಳಗಿದ ಒಂಟಿ ಗಾಯಕರು ಗಂಟಲನ್ನು ಹೊಂದಿಸಿ 3000 ಹರ್ಟ್ಸ್ ಸುತ್ತ ಒಂದು ಹೊಳಪು ತರುತ್ತಾರೆ. ಅಲ್ಲಿ ಆರ್ಕೆಸ್ಟ್ರಾ ಮೆತ್ತಗಿರುತ್ತದೆ. ಆ ಕಿಂಡಿಯಲ್ಲಿ ಧ್ವನಿ ತೂರಿಕೊಂಡು ಹೊರಗೆ ಬರುತ್ತದೆ. ಸ್ವೀಡನ್ನಿನ ಯೋಹಾನ್ ಸುಂಡ್‌ಬರ್ಗ್ ಇದನ್ನು ಅಳೆದು ತೋರಿಸಿದವರು. ಕೋರಸ್‌ನಲ್ಲಿ ಆ ಹೊಳಪು ತಂದರೆ ನಿಮ್ಮ ಧ್ವನಿ ಒಂದೇ ಎದ್ದು ಕಾಣುತ್ತದೆ, ಎಲ್ಲರ ಜೊತೆ ಬೆರೆಯುವುದಿಲ್ಲ. ಹಾಗಾಗಿ ಅದನ್ನು ಅದುಮಿ ಹಾಡುತ್ತಾರೆ. ಅದುಮಿದ ಮೇಲೆ ಟ್ರಾಂಬೋನ್‌ನಂಥ ಹಿತ್ತಾಳೆ ಕೊಳವೆಗಳ ಎದುರು ನಿಲ್ಲಲು ಜನಬಲ ಬೇಕು. ಒಂದು ಕೊಡುತ್ತಾರೆ, ಇನ್ನೊಂದು ಪಡೆಯುತ್ತಾರೆ.

ಮಡಿಕೇರಿ ಟೀಚರ್
ಮೇಷ್ಟ್ರೇ, ಲೆಕ್ಕ ಸರಿ, ಆದರೆ ಜೋರು ಮಾತ್ರ ನೋಡಿದಿರಿ. ನೂರೈವತ್ತು ಜನರ ನಿಜವಾದ ಚಂದ ಇರುವುದು ಮೆತ್ತಗೆ ಹಾಡುವಾಗ.

ಆಸ್ಟ್ರಿಯಾದ ಸಂಗೀತಗಾರ ಮಾಲರ್‌ನ ಎರಡನೇ ಸಿಂಫನಿ ಕೇಳಿ. ಒಟ್ಟು ಸುಮಾರು ಒಂದೂವರೆ ಗಂಟೆ. ಕೋರಸ್ ಒಂದು ಗಂಟೆಗೂ ಜಾಸ್ತಿ ಹೊತ್ತು ಸುಮ್ನೆ ಕೂತಿರುತ್ತದೆ. ಆಮೇಲೆ ಬರುವಾಗ ಕೇಳಿಸಿತೋ ಇಲ್ಲವೋ ಅನ್ನುವಷ್ಟು ಸಣ್ಣಗೆ ಬರಬೇಕು. ಎಷ್ಟೋ ಕಡೆ ಆ ಸಾಲುಗಳನ್ನು ಕೂತೇ ಹಾಡಿಸುತ್ತಾರೆ, ಎದ್ದು ನಿಲ್ಲುವ ಸದ್ದೂ ಬೇಡ ಅಂತ. ಹತ್ತು ಜನ ಮೆತ್ತಗೆ ಹಾಡಿದರೆ ಹತ್ತು ಧ್ವನಿ ಬೇರೆ ಬೇರೆ ಕೇಳಿಸುತ್ತವೆ. ನೂರೈವತ್ತು ಜನ ಹಾಡಿದರೆ ಯಾರದ್ದೂ ಕೇಳಿಸುವುದಿಲ್ಲ, ಹಾಡು ಮಾತ್ರ ಕೇಳಿಸುತ್ತದೆ. ಉಸಿರೂ ಹಾಗೇ. ಒಂದು ಸ್ವರವನ್ನು ಒಬ್ಬರು ಎಷ್ಟು ಹೊತ್ತು ಎಳೆಯಬಹುದು? ಪಕ್ಕದವರು ಉಸಿರು ತೆಗೆದುಕೊಳ್ಳುವಾಗ ನೀವು ತೆಗೆದುಕೊಳ್ಳಬಾರದು. ಹಾಗೆ ಸರದಿಯಲ್ಲಿ ಉಸಿರಾಡಿದರೆ ಸ್ವರ ಕಡಿಯುವುದೇ ಇಲ್ಲ.

ತೀರಾ ಹೆಚ್ಚು ಜನ ಅಂದರೆ ಅದೇ ಮಾಲರ್‌ನ ಎಂಟನೆಯ ಸಿಂಫನಿ. 1910ರ ಸೆಪ್ಟೆಂಬರ್ 12ರಂದು ಮ್ಯೂನಿಕ್‌ನಲ್ಲಿ ಮೊದಲ ಸಲ ಆದಾಗ ಸುಮಾರು 850 ಹಾಡುಗಾರರು, 170 ವಾದಕರು. ಮಕ್ಕಳೂ ಇದ್ದರು. ನನ್ನ ಮಟ್ಟಿಗೆ ಅದು ಅತಿ ಆಯಿತು.

ನಾಪೋಕ್ಲು ದುಡಿ
ನಮ್ಮಲ್ಲಿ ನಾಲ್ಕು ಜನ ಸಾಕು. ಕೊಡವರ ಬಾಳೋಪಾಟ್ ಹಾಡಿಗೆ ನಾಲ್ಕು ದುಡಿ (ಕೈಯಲ್ಲಿ ಹಿಡಿಯುವ ಸಣ್ಣ ಚರ್ಮವಾದ್ಯ), ನಾಲ್ಕು ಗಂಟಲು. ಇಬ್ಬರು ಸಾಲು ಹೇಳುತ್ತಾರೆ, ಇನ್ನಿಬ್ಬರು ಅದನ್ನೇ ಎತ್ತಿ ಹೇಳುತ್ತಾರೆ. ಮದುವೆಯಲ್ಲಿ, ಪುತ್ತರಿಯಲ್ಲಿ ಗಂಟೆಗಟ್ಟಲೆ ನಡೆಯುತ್ತದೆ. ಒಬ್ಬರು ಉಸಿರು ತೆಗೆದುಕೊಳ್ಳುವಾಗ ಇನ್ನೊಬ್ಬರು ಹಿಡಿದುಕೊಳ್ಳುವುದು ನಮಗೂ ಗೊತ್ತು ಟೀಚರ್. ಹಾಳೆ ಇಲ್ಲ, ಕೋಲು ಬೀಸುವವರಿಲ್ಲ.

ಹಾಳೆ ನೋಡಿ ಹಾಡುವುದು ನನಗೆ ಹಿಡಿಸುವುದಿಲ್ಲ. ಕಣ್ಣು ಕಾಗದದ ಮೇಲಿದ್ದರೆ ಹಾಡು ಎಲ್ಲಿಂದ ಬರಬೇಕು?

ಮಡಿಕೇರಿ ಟೀಚರ್
ಅಣ್ಣಾ, ನಿಮ್ಮ ಮಾತಿಗೆ ಅಮೆರಿಕದಲ್ಲೇ ಒಬ್ಬರು ಗಿರಾಕಿ ಇದ್ದರು! ಬಾಸ್ಟನ್ ಸಿಂಫನಿ ಜೊತೆ ಹಾಡುವ ಟ್ಯಾಂಗಲ್‌ವುಡ್ ಫೆಸ್ಟಿವಲ್ ಕೋರಸ್ ಅನ್ನು 1970ರಲ್ಲಿ ಕಟ್ಟಿದ ಜಾನ್ ಆಲಿವರ್. ಅವರ ಕಾಲದಲ್ಲಿ ಆ ಕೋರಸ್ ಹಾಳೆ ಇಲ್ಲದೆ, ಬಾಯಿಪಾಠದಲ್ಲಿ ಹಾಡುವುದಕ್ಕೇ ಹೆಸರಾಗಿತ್ತು. ಒಂದು ಗಂಟೆಯ ಲ್ಯಾಟಿನ್ ಕೃತಿ ಕೂಡ. ಅವರೂ ಸ್ವಯಂಸೇವಕರೇ.

ಆದರೆ ಕಾಗದಕ್ಕೂ ಅದರ ಉಪಕಾರ ಇದೆ. 1924ರಲ್ಲಿ ನಡಿಕೇರಿಯಂಡ ಚಿಣ್ಣಪ್ಪನವರು 'ಪಟ್ಟೋಲೆ ಪಳಮೆ' ಅನ್ನುವ ಸಂಗ್ರಹದಲ್ಲಿ ಸೇರಿಸದೇ ಹೋಗಿದ್ದರೆ ನಮ್ಮ ಕೊಡವರ ಎಷ್ಟು ಪಾಟ್ (ಹಾಡು) ಉಳಿಯುತ್ತಿದ್ದವು ನೀವೇ ಹೇಳಿ.

ನಾಪೋಕ್ಲು ದುಡಿ
ಅದು ಒಪ್ಪಿದೆ. ಆದರೆ ಚಿಣ್ಣಪ್ಪನವರು ಬರೆದದ್ದು ಉಳಿಸಲಿಕ್ಕೆ. ಹಾಡುವಾಗ ನೋಡಲಿಕ್ಕಲ್ಲ.

ಮೈಸೂರಿನ ಕೊಡಗಿನವ
ಲಂಡನ್ ಮಾತು ಬಂತಲ್ಲ, ನಮ್ಮ ಪಕ್ಕದ ಊರಿನ ನಂಟು ಹೇಳದಿದ್ದರೆ ತಪ್ಪಾಗುತ್ತದೆ. ಲಂಡನ್ನಿನ ಫಿಲ್ಹಾರ್ಮೋನಿಯ ಆರ್ಕೆಸ್ಟ್ರಾವನ್ನು 1945ರಲ್ಲಿ ರೆಕಾರ್ಡ್ ತಯಾರಿಸುವ ವಾಲ್ಟರ್ ಲೆಗ್ ಕಟ್ಟಿದರು. ಅದರ ಕಛೇರಿಗಳನ್ನು ನಡೆಸುವ ಫಿಲ್ಹಾರ್ಮೋನಿಯ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರು ಯಾರು ಗೊತ್ತಾ? ನಮ್ಮ ಜಯಚಾಮರಾಜ ಒಡೆಯರು, 1948ರಲ್ಲಿ. ರಷ್ಯಾದ ಮೆಟ್‌ನರ್ ಅನ್ನುವ ಸಂಗೀತಗಾರ ಲಂಡನ್ನಿನಲ್ಲಿ ವಯಸ್ಸಾಗಿ, ಯಾರೂ ಕೇಳುವವರಿಲ್ಲದೆ ಇದ್ದರು. ಅವರ ಕೃತಿಗಳ ರೆಕಾರ್ಡ್ ಮಾಡಿಸಲು ಹಣ ಕೊಟ್ಟವರೂ ಮಹಾರಾಜರೇ. 1950ರ ಮೇ 22ರಂದು ರಿಚರ್ಡ್ ಸ್ಟ್ರಾಸ್‌ರ ಕೊನೆಯ ನಾಲ್ಕು ಹಾಡುಗಳು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಮೊದಲ ಸಲ ಆದಾಗ ಅದರ ಹಣದ ಹೊಣೆ ಹೊತ್ತವರೂ ಅವರೇ.

ಆಮೇಲೆ 1957ರಲ್ಲಿ ಅದೇ ಲೆಗ್ ಫಿಲ್ಹಾರ್ಮೋನಿಯ ಕೋರಸ್ ಶುರು ಮಾಡಿದರು. ಬೀಥೋವನ್‌ನ ಒಂಬತ್ತನೇ ಸಿಂಫನಿಗೆ ತಕ್ಕ ಕೋರಸ್ ಬೇಕಿತ್ತು. ತಾಲೀಮು ಕೊಡಲು ಜರ್ಮನಿಯ ಬೈರಾಯ್ಟ್ ಒಪೆರಾ ಉತ್ಸವದಿಂದ ವಿಲ್‌ಹೆಲ್ಮ್ ಪಿಟ್ಸ್ ಅವರನ್ನು ಕರೆಸಿದರು. 1964ರಲ್ಲಿ ಲೆಗ್ ಆರ್ಕೆಸ್ಟ್ರಾವನ್ನು ಮುಚ್ಚಲು ಹೊರಟಾಗ ವಾದಕರು ಬಿಡಲಿಲ್ಲ. ತಾವೇ ನಡೆಸುತ್ತೇವೆ ಅಂತ ನ್ಯೂ ಫಿಲ್ಹಾರ್ಮೋನಿಯ ಅಂತ ಹೆಸರಿಟ್ಟುಕೊಂಡರು. ಮೊದಲ ಕಛೇರಿಗೆ ಆರಿಸಿಕೊಂಡದ್ದು ಮತ್ತೆ ಅದೇ ಒಂಬತ್ತನೆಯದನ್ನು.

ಸೋಮವಾರಪೇಟೆ ಕೆಂಪಣ್ಣ
ನೋಡಿ, ಕೆಲಸದವರು ತಾವೇ ಸಂಸ್ಥೆ ನಡೆಸಿದ್ದಕ್ಕೆ ಇವತ್ತು ಉಳಿದಿದೆ. ಅರಸರ ಕಥೆಗಿಂತ ಇದು ನನಗೆ ಇಷ್ಟವಾಯಿತು.

ಮೈಸೂರಿನ ಕೊಡಗಿನವ
ನಿಮಗೆ ಅದೇ ಕಾಣುತ್ತದೆ ಅಂತ ಗೊತ್ತಿತ್ತು.

ಗೋಣಿಕೊಪ್ಪ ಗಾಳಿ
ಒಂಬತ್ತನೇ ಸಿಂಫನಿಯಲ್ಲಿ ಅಂಥದ್ದೇನಿದೆ? ಎಲ್ಲರೂ ಅದನ್ನೇ ಹಿಡಿದುಕೊಂಡಿದ್ದೀರಿ.

ಕಾಫಿಹೂ
ಹಾಡಿ ನೋಡಿದರೆ ಗೊತ್ತಾಗುತ್ತದೆ, ಮೈ ಹಣ್ಣಾಗುತ್ತದೆ. 1824ರ ಮೇ 7ರಂದು ವಿಯೆನ್ನಾದಲ್ಲಿ ಮೊದಲ ಸಲ ಆದದ್ದು. ಅಲ್ಲಿಯವರೆಗೆ ಸಿಂಫನಿ ಅಂದರೆ ಹೆಚ್ಚುಕಮ್ಮಿ ವಾದ್ಯ ಮಾತ್ರ. ಬೀಥೋವನ್ ಅದರೊಳಗೆ ಮನುಷ್ಯರ ಧ್ವನಿ ತಂದರು. ಮೂರು ಭಾಗ ಮುಗಿಯುವವರೆಗೆ ನಾವು ಬಾಯಿ ಬಿಡುವ ಹಾಗಿಲ್ಲ, ಅದೇ ಸುಮಾರು ಮುಕ್ಕಾಲು ಗಂಟೆ. ವೇದಿಕೆ ಮೇಲೆ ದೀಪದ ಬೆಳಕಿನಲ್ಲಿ ಕೂತು ಕೆಮ್ಮುವಂತಿಲ್ಲ, ಆಕಳಿಸುವಂತಿಲ್ಲ. ಗಂಟಲು ತಣ್ಣಗಾಗಿರುತ್ತದೆ. ಆಮೇಲೆ ಎದ್ದ ತಕ್ಷಣ ಕೂಗು. ಸೊಪ್ರಾನೊದವರಿಗೆ (ಹೆಂಗಸರ ಮೇಲಿನ ಧ್ವನಿ) ಮೇಲಿನ ಎ ಸ್ವರವನ್ನು ಎಷ್ಟೋ ಹೊತ್ತು ಹಿಡಿದು ನಿಲ್ಲಿಸುವ ಜಾಗ ಇದೆ. ಬೀಥೋವನ್‌ಗೆ ಆಗ ಕಿವಿ ಕೇಳಿಸುತ್ತಿರಲಿಲ್ಲ, ನಮ್ಮ ಕಷ್ಟ ಅವರಿಗೆ ಹೇಗೆ ಕೇಳಿಸಬೇಕು ಅಂತ ನಮ್ಮ ಸೊಪ್ರಾನೊಗಳು ಬೈಯುತ್ತಾರೆ. ನಾನು ಆಲ್ಟೊ, ಬಚಾವ್.

ಜಪಾನಿನಲ್ಲಿ ಇದು ವರ್ಷದ ಕೊನೆಯ ಹಬ್ಬವೇ ಆಗಿಬಿಟ್ಟಿದೆ. ಅಲ್ಲಿ ಮೊದಲು ಪೂರ್ತಿ ನುಡಿಸಿ ಹಾಡಿದವರು ಜರ್ಮನ್ ಯುದ್ಧಕೈದಿಗಳು, ಬಾಂಡೊ ಶಿಬಿರದಲ್ಲಿ, 1918ರಲ್ಲಿ. ಗಂಡಸರೇ ಇದ್ದದ್ದರಿಂದ ಹೆಂಗಸರ ಸಾಲನ್ನೂ ಅವರೇ ಹಾಡಿಕೊಂಡರು. ಒಸಾಕಾದಲ್ಲಿ 1983ರಿಂದ ಹತ್ತು ಸಾವಿರ ಜನ ಒಟ್ಟಿಗೆ ಹಾಡುವ ಕಾರ್ಯಕ್ರಮ ಇದೆ. ಮೇಷ್ಟ್ರೇ, ಡೆಸಿಬೆಲ್ ಲೆಕ್ಕ ಹಾಕಿ.

ಕುಶಾಲನಗರ ಫಿಸಿಕ್ಸ್ ಮೇಷ್ಟ್ರು
ಹಾಕಿದೆ. ನೂರು ಜನಕ್ಕಿಂತ 20 ಡೆಸಿಬೆಲ್ ಮೇಲೆ. ಆದರೆ ಅಷ್ಟು ಜನ ನಿಂತರೆ ಹಿಂದಿನವರ ಸದ್ದು ಮುಂದಿನವರಿಗೆ ತಡವಾಗಿ ತಲುಪುತ್ತದೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್. 34 ಮೀಟರ್ ದೂರ ಇದ್ದರೆ ಸೆಕೆಂಡಿನ ಹತ್ತನೇ ಒಂದು ಭಾಗ ತಡ. ತಾಳ ಕೆಡಲು ಅಷ್ಟು ಸಾಕು. ಕಿವಿ ನಂಬಿ ಹಾಡಿದರೆ ಕೆಟ್ಟಿರಿ, ಮುಂದೆ ನಿಂತು ಕೋಲು ಬೀಸುವ ಕಂಡಕ್ಟರ್ ಕೈ ನೋಡಿಯೇ ಹಾಡಬೇಕು. ದುಡಿ ಅಣ್ಣನ ಪ್ರಶ್ನೆಗೂ ಇದೇ ಉತ್ತರ. ನಾಲ್ಕು ಜನಕ್ಕೆ ಕೋಲು ಬೀಸುವವರು ಬೇಡ, ನೂರೈವತ್ತು ಜನಕ್ಕೆ ಬೇಕೇ ಬೇಕು.

ನಿವೃತ್ತ ಬ್ಯಾಂಡ್ ಹವಿಲ್ದಾರ್
ಇದು ನೂರಕ್ಕೆ ನೂರು ಸತ್ಯ. ಪೆರೇಡಿನಲ್ಲಿ ಹಿಂದಿನ ಸಾಲಿನವನು ಡ್ರಮ್ಮಿನ ಸದ್ದು ನಂಬಿದರೆ ಹೆಜ್ಜೆ ತಪ್ಪುತ್ತಾನೆ.

ಕೋರಸ್‌ಗೆ ತಾಲೀಮು ಕೊಡುವವರು, ವೇದಿಕೆಯಲ್ಲಿ ಕೈ ಬೀಸುವವರು ಒಬ್ಬರೇನಾ?

ಮಡಿಕೇರಿ ಟೀಚರ್
ಸಾಮಾನ್ಯವಾಗಿ ಅಲ್ಲ ಸಾರ್, ಅಲ್ಲಿಯೇ ದೊಡ್ಡ ಸಂಕಟ ಇರುವುದು. ಕೋರಸ್ ಡೈರೆಕ್ಟರ್ ವಾರಗಟ್ಟಲೆ ಪಿಯಾನೊ ಇಟ್ಟುಕೊಂಡು ಉಚ್ಚಾರಣೆ, ಶ್ರುತಿ, ಉಸಿರು ಎಲ್ಲ ತಿದ್ದುತ್ತಾರೆ. ಕೊನೆಯ ವಾರ ಆರ್ಕೆಸ್ಟ್ರಾದ ಕಂಡಕ್ಟರ್ ಬಂದು ಒಂದೆರಡು ರಿಹರ್ಸಲ್ ಮಾಡುತ್ತಾರೆ, ಕೆಲವೊಮ್ಮೆ ಎಲ್ಲ ಬದಲಾಯಿಸುತ್ತಾರೆ. ಆರ್ಕೆಸ್ಟ್ರಾದವರ ಪ್ರತಿ ಗಂಟೆಗೂ ದುಡ್ಡು, ಹಾಗಾಗಿ ಜಾಸ್ತಿ ರಿಹರ್ಸಲ್ ಇಡುವುದಿಲ್ಲ. ಕಛೇರಿ ದಿನ ಕೋರಸ್ ಡೈರೆಕ್ಟರ್ ಪ್ರೇಕ್ಷಕರ ಜೊತೆ ಕೂತು, ಕೊನೆಗೆ ಮೇಲೆ ಬಂದು ಒಂದು ನಮಸ್ಕಾರ ಮಾಡಿ ಹೋಗುತ್ತಾರೆ.

ನಿಮಗೆ ಇಷ್ಟವಾಗುವ ಒಬ್ಬರ ಕಥೆ ಹೇಳುತ್ತೇನೆ. ಮಾರ್ಗರೆಟ್ ಹಿಲ್ಲಿಸ್. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ನೌಕಾಪಡೆಯ ಪೈಲಟ್‌ಗಳಿಗೆ ವಿಮಾನ ಹಾರಿಸಲು ಕಲಿಸಿದವರು! ಆರ್ಕೆಸ್ಟ್ರಾ ಕಂಡಕ್ಟರ್ ಆಗುವ ಆಸೆ ಇತ್ತು. ಆ ಕಾಲದಲ್ಲಿ ಹೆಂಗಸಿಗೆ ಅದು ಸಿಗುವ ಹಾಗಿರಲಿಲ್ಲ, ಹಾಗಾಗಿ ಕೋರಸ್ ಕಡೆ ತಿರುಗಿದರು. 1957ರಲ್ಲಿ ಫ್ರಿಟ್ಜ್ ರೈನರ್ ಅವರ ಮಾತಿನ ಮೇಲೆ ಶಿಕಾಗೊ ಸಿಂಫನಿ ಕೋರಸ್ ಕಟ್ಟಿದರು. 1994ರವರೆಗೂ ನಡೆಸಿದರು. 1977ರಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಮಾಲರ್‌ನ ಎಂಟನೆಯದು. ಕಂಡಕ್ಟರ್ ಜಾರ್ಜ್ ಶೋಲ್ಟಿಗೆ ಬರಲಾಗಲಿಲ್ಲ. ಕಡೇ ಗಳಿಗೆಯಲ್ಲಿ ಹಿಲ್ಲಿಸ್ ಹೋಗಿ ನಿಂತು ಇಡೀ ಕೃತಿ ನಡೆಸಿದರು. ಅಷ್ಟು ವರ್ಷ ಹಿಂದೆ ಕೂತವರಿಗೆ ಕೃತಿಯ ಒಂದೊಂದು ಗಂಟೂ ಗೊತ್ತಿತ್ತು.

ನಿವೃತ್ತ ಬ್ಯಾಂಡ್ ಹವಿಲ್ದಾರ್
ಭೇಷ್. ಆ ಅಮ್ಮನಿಗೆ ಒಂದು ಸೆಲ್ಯೂಟ್.

ಗೋಣಿಕೊಪ್ಪ ಗಾಳಿ
ಟೀಚರ್, ಇಷ್ಟೆಲ್ಲ ಗೊತ್ತಿದೆ, ಮಡಿಕೇರಿಯಲ್ಲೇ ಒಂದು ಕಟ್ಟಿಬಿಡಿ.

ಮಡಿಕೇರಿ ಟೀಚರ್
ಕೋರಸ್ ಕಟ್ಟಬಹುದು, ಆರ್ಕೆಸ್ಟ್ರಾ ಎಲ್ಲಿಂದ ತರಲಿ? ಇಡೀ ದೇಶಕ್ಕೆ ಪೂರ್ಣಾವಧಿ ವೃತ್ತಿಪರ ಸಿಂಫನಿ ಆರ್ಕೆಸ್ಟ್ರಾ ಅಂತ ಇರುವುದು ಮುಂಬಯಿಯಲ್ಲಿ, 2006ರಲ್ಲಿ ಶುರುವಾದ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ. ನಮ್ಮಲ್ಲಿ ಟೆನರ್ (ಗಂಡಸರ ಮೇಲಿನ ಧ್ವನಿ) ಸಿಗುವುದೇ ಕಷ್ಟ. ಮೇಲಿನ ಸ್ವರಕ್ಕೆ ಹೋಗು ಅಂದರೆ ಗಂಡಸರು ನಾಚಿಕೊಳ್ಳುತ್ತಾರೆ. ಮಳೆಗಾಲದಲ್ಲಿ ಸಂಜೆ ರಿಹರ್ಸಲ್ ಅಂದರೆ ರಸ್ತೆ ಇದೆಯೋ ಇಲ್ಲವೋ ಅಂತ ಮೊದಲು ನೋಡಬೇಕು. ವಿರಾಜಪೇಟೆಯ ಚರ್ಚಿನಲ್ಲಿ, ಇಲ್ಲಿಯ ಶಾಲೆಗಳಲ್ಲಿ ನಾಲ್ಕು ಧ್ವನಿಯಲ್ಲಿ ಹಾಡುವ ಮಕ್ಕಳಿದ್ದಾರೆ. ಅಲ್ಲಿಂದಲೇ ತಾನೆ ಮಾವನ ಹುಡುಗಿ ಹೋದದ್ದು.

ಸೋಮವಾರಪೇಟೆ ಕೆಂಪಣ್ಣ
ಮೂಲ ಪ್ರಶ್ನೆಗೆ ವಾಪಸ್ ಬರೋಣ. ಪೂರ್ತಿ ಸಂಬಳದ ಕೋರಸ್ ಲೋಕದಲ್ಲಿ ಇಲ್ಲವೇ ಇಲ್ಲವಾ?

ಕಾಫಿಹೂ
ಇದೆ. ಜರ್ಮನಿಯಲ್ಲಿ ರೇಡಿಯೊ ಸಂಸ್ಥೆಗಳ ಕೋರಸ್‌ಗಳು. ಬರ್ಲಿನ್ ರೇಡಿಯೊ ಕೋರಸ್ 1925ರದ್ದು, ಹಾಡುವುದೇ ಅವರ ಉದ್ಯೋಗ. ಆದರೆ ಗಾತ್ರ ಸಣ್ಣದು, ಅರವತ್ತು ಜನರ ಆಸುಪಾಸು. ಒಬ್ಬೊಬ್ಬರೂ ಪಳಗಿದವರು. ಇಲ್ಲಿ ಬಿಬಿಸಿ ಸಿಂಗರ್ಸ್ ಇದ್ದಾರೆ, 1924ರಿಂದ, ಅವರು ಇಪ್ಪತ್ತೇ ಜನ. 2023ರಲ್ಲಿ ಬಿಬಿಸಿಯೇ ಅವರನ್ನು ಮುಚ್ಚುತ್ತೇವೆ ಅಂತ ಹೇಳಿತು. ಜನ ಗಲಾಟೆ ಎಬ್ಬಿಸಿದ ಮೇಲೆ ಹಿಂದೆ ಸರಿಯಿತು. ಅದೇ ಬಿಬಿಸಿಗೆ ದೊಡ್ಡ ಸಿಂಫನಿ ಕೋರಸ್ ಕೂಡ ಇದೆ, ಅವರೆಲ್ಲ ಹವ್ಯಾಸಿಗಳು. ನೂರೈವತ್ತು ಜನಕ್ಕೆ ತಿಂಗಳ ಸಂಬಳ ಕೊಡಬೇಕು ಅಂದರೆ ಕೆಂಪಣ್ಣ, ಆರ್ಕೆಸ್ಟ್ರಾಗಿಂತ ಅದೇ ದೊಡ್ಡ ಖರ್ಚು. ವರ್ಷಕ್ಕೆ ಹಾಡುವ ಕೃತಿಗಳು ಬೆರಳೆಣಿಕೆ. ಸಂಬಳ ಕಡ್ಡಾಯ ಅಂದ ದಿನ ಅವರು ಐವತ್ತು ಜನರನ್ನು ಇಟ್ಟುಕೊಂಡು ಉಳಿದವರನ್ನು ಕಳಿಸುತ್ತಾರೆ. ಮೊದಲು ಹೋಗುವವಳು ನಾನು. ವೆರ್ಡಿಯನ್ನು ಆಮೇಲೆ ರೇಡಿಯೊದಲ್ಲಿ ಕೇಳಬೇಕು.

ಸೋಮವಾರಪೇಟೆ ಕೆಂಪಣ್ಣ
ನಿನ್ನನ್ನು ಕಳಿಸುವುದು ನನ್ನ ಉದ್ದೇಶ ಅಲ್ಲ ತಂಗಿ. ಎಲ್ಲರಿಗೂ ಸಂಬಳ ಬೇಕು ಅಂತ ನಾನೂ ಹಟ ಹಿಡಿಯುವುದಿಲ್ಲ. ಬಿಟ್ಟಿ ದುಡಿಮೆಗೂ ಒಂದು ಒಪ್ಪಂದ ಬೇಕು, ಕಾಗದದ ಮೇಲೆ. ಮಾವ, ಹುಡುಗಿಗೆ ಇಷ್ಟು ಕೇಳಲು ಹೇಳಿ. ಬೇರೆ ಊರಿಗೆ ಕರೆದುಕೊಂಡು ಹೋದರೆ ಪ್ರಯಾಣ, ಊಟ, ವಸತಿ ಯಾರದ್ದು? ಪುಸ್ತಕ ಅವರೇ ಕೊಡುತ್ತಾರಾ? ರೆಕಾರ್ಡ್ ಮಾಡಿ ಮಾರಿದರೆ ಹಾಡಿದವರಿಗೆ ಏನು? ಸಂಬಳದವರು ಮುಷ್ಕರ ಮಾಡಿದರೆ ಸ್ವಯಂಸೇವಕರು ಹಾಡಲೇಬೇಕಾ?

ಮಡಿಕೇರಿ ಟೀಚರ್
ಕೊನೆಯ ಪ್ರಶ್ನೆ ಚೆನ್ನಾಗಿದೆ. ಜೊತೆಗೆ ಇನ್ನೊಂದು: ಮರು ಆಡಿಷನ್ ಎಷ್ಟು ವರ್ಷಕ್ಕೊಮ್ಮೆ?

ವಿರಾಜಪೇಟೆ ಮಾವ
ರಾತ್ರಿ ಫೋನ್ ಮಾಡಿದೆ, ಎಲ್ಲ ಕೇಳಿದೆ. ಪುಸ್ತಕ ಅವರೇ ಕೊಡುತ್ತಾರಂತೆ, ಪೆನ್ಸಿಲಿನಲ್ಲಿ ಮಾತ್ರ ಗುರುತು ಹಾಕಿ ವಾಪಸ್ ಕೊಡಬೇಕು. ಪಾರ್ಕಿಂಗ್ ಬಿಟ್ಟಿ. ಪ್ರವಾಸ ಹೋದರೆ ಪ್ರಯಾಣ, ವಸತಿ ಆರ್ಕೆಸ್ಟ್ರಾದ್ದು. ಮರು ಆಡಿಷನ್ ಎರಡು ವರ್ಷಕ್ಕೊಮ್ಮೆ. ಸಂಬಳದ ಹಾಡುಗಾರರು ಅವಳ ಕೋರಸ್‌ನಲ್ಲಿ ಇಲ್ಲ, ಹಾಗಾಗಿ ಮುಷ್ಕರದ ಪ್ರಶ್ನೆ ಇಲ್ಲ. ಮೊದಲ ಕೃತಿ ಬ್ರಾಮ್ಸ್‌ನ ಜರ್ಮನ್ ರಿಕ್ವಿಯಂ. ಸತ್ತವರಿಗಿಂತ ಉಳಿದವರಿಗೆ ಸಮಾಧಾನ ಹೇಳುವ ಕೃತಿ ಅಂತ ವಿವರಿಸಿದಳು, ಬ್ರಾಮ್ಸ್ ಬೈಬಲ್ಲಿನಿಂದ ತಾವೇ ಸಾಲು ಆರಿಸಿಕೊಂಡರಂತೆ.

ಭಾವ ಪಕ್ಕದಲ್ಲೇ ಕೂತಿದ್ದರು. ಎಲ್ಲ ಕೇಳಿ, "ಅಲ್ಲಿ ಸಂಜೆ ಏಳೂವರೆಗೆ ಶುರು ಅಂದರೆ ಇಲ್ಲಿ ಬೆಳಗ್ಗೆ ಎಷ್ಟು ಗಂಟೆ" ಅಂದರು. ಆರು ಅಂದಳು. ರೇಡಿಯೊದಲ್ಲಿ ಬಂದರೆ ಲಿಂಕ್ ಕಳಿಸು ಅಂದರು. ಬಿಟ್ಟಿ ಚಾಕರಿ ಅನ್ನುವ ಮಾತನ್ನು ಮಾತ್ರ ವಾಪಸ್ ತೆಗೆದುಕೊಂಡಿಲ್ಲ.

ಸೋಮವಾರಪೇಟೆ ಕೆಂಪಣ್ಣ
ತೆಗೆದುಕೊಳ್ಳುವುದು ಬೇಡ. ರೆಕಾರ್ಡಿಂಗ್ ವಿಷಯ ಹೇಳಲೇ ಇಲ್ಲ ನೀವು?

ವಿರಾಜಪೇಟೆ ಮಾವ
ಅದು ಅವಳಿಗೂ ಗೊತ್ತಿಲ್ಲ. ಸಹಿ ಹಾಕಿದ ಫಾರಂನಲ್ಲಿ ಸಣ್ಣ ಅಕ್ಷರದಲ್ಲಿ ಏನೋ ಇದೆಯಂತೆ.

ಸೋಮವಾರಪೇಟೆ ಕೆಂಪಣ್ಣ
ಆ ಪುಟದ ಫೋಟೋ ಕಳಿಸಲು ಹೇಳಿ. ಸಣ್ಣ ಅಕ್ಷರ ಓದುವುದರಲ್ಲೇ ನನ್ನ ಅರ್ಧ ಆಯಸ್ಸು ಕಳೆದದ್ದು.